ಗೋಡೆಗೆ ಬಣ್ಣ ಬಳಿಯುವ ಮುನ್ನ

ಪ್ರಶ್ನೆ: ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಸರ್ವರ್‌ಗಳ ಮೇಲೆ ಹಗಲಿರುಳು ನಿಗಾ ಇಡುವ ಹನ್ನೆರಡು ಮಂದಿಯ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಎದುರಿನ ಗೋಡೆಯ ತುಂಬ ಇರುವ ಪರದೆಗಳಲ್ಲಿ ಕೆಂಪು, ಹಳದಿ, ಹಸಿರು ಚೌಕಗಳು ಸದಾ ಮಿನುಗುತ್ತಿರುತ್ತವೆ. ರಾತ್ರಿ ಪಾಳಿ ಮುಗಿಸಿದವರಿಗೆ ತಲೆನೋವು. ಮನೆಗೆ ಹೋದರೂ ನಿದ್ರೆ ಹತ್ತುವುದಿಲ್ಲ. ಒತ್ತಡ ತಗ್ಗಲೆಂದು ಕೋಣೆಗೆ ಹೊಸ ಬಣ್ಣ ಬಳಿಸಲು ಆಡಳಿತ ಒಪ್ಪಿದೆ. ಯಾವ ಬಣ್ಣ ಸೂಕ್ತ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ತಂಡದವರ ತಲೆನೋವಿಗೆ ಗೋಡೆಗಿಂತ ಆ ಪರದೆಗಳೇ ಹೆಚ್ಚು ಕಾರಣವಿರಬಹುದೆಂದು ನನಗನ್ನಿಸುತ್ತದೆ. ಬಣ್ಣವೊಂದೇ ಮನಸ್ಸನ್ನು ತಣಿಸುತ್ತದೆ ಎಂಬ ನಂಬಿಕೆ ಹಳೆಯದು. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಬಂದೀಖಾನೆಯ ಕೋಣೆಯೊಂದಕ್ಕೆ ಗುಲಾಬಿ ಬಣ್ಣ ಬಳಿದಾಗ ಕೈದಿಗಳ ಉದ್ರೇಕ ತಗ್ಗಿತೆಂದು ವರದಿಯಾಯಿತು. ಆಮೇಲಿನ ಪರೀಕ್ಷೆಗಳಲ್ಲಿ ಆ ಫಲಿತಾಂಶ ನಿಲ್ಲಲಿಲ್ಲ.

ಕಣ್ಣಿಗೆ ಎಲ್ಲವೂ ಒಂದೇ ಸಮನೆ ಕೂಗಿ ಹೇಳತೊಡಗಿದಾಗ, ಯಾವುದನ್ನು ಮೊದಲು ನೋಡಬೇಕೆಂಬ ಹುಡುಕಾಟವೇ ಮನುಷ್ಯನನ್ನು ದಣಿಸುತ್ತದೆ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಗುವ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದು ಬಿದ್ದಿದ್ದವು. ಅಷ್ಟನ್ನು ಓದಿ ಮುಗಿಸುವುದೂ ಯಾರಿಂದಲೂ ಆಗದ ಮಾತು, ಇನ್ನು ನಿರ್ಧಾರ ತೆಗೆದುಕೊಳ್ಳುವುದು ಹೇಗೆ? ಆ ಇಬ್ಬರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಮೊದಲು ಒಂದು ವಾರ, ಕೆಂಪಾದ ಪ್ರತಿಯೊಂದು ಚೌಕವನ್ನೂ ಪುಸ್ತಕದಲ್ಲಿ ಬರೆದಿಡಿ. ಅದಕ್ಕಾಗಿ ಯಾರಾದರೂ ನಿಜವಾಗಿ ಕೈ ಹಾಕಿ ಏನನ್ನಾದರೂ ಸರಿಪಡಿಸಬೇಕಾಯಿತೇ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ. ಯಾರೂ ಏನೂ ಮಾಡಬೇಕಾಗಿಲ್ಲದ ಅಲರ್ಟ್‌ಗಳನ್ನು ಗೋಡೆಯಿಂದ ಇಳಿಸಿಬಿಡಿ. ಉಳಿದವುಗಳ ಹಿನ್ನೆಲೆಯನ್ನು ಬೂದು ಬಣ್ಣಕ್ಕೆ ತನ್ನಿ. ಎಲ್ಲವೂ ಸರಿಯಾಗಿದ್ದಾಗ ಹಸಿರು ಬೇಕಿಲ್ಲ, ಬೂದು ಸಾಕು. ತಪ್ಪಿದಾಗ ಮಾತ್ರ ಬಣ್ಣ ಕಾಣಿಸಲಿ, ಯಾರಾದರೂ ಅದನ್ನು ಕೈಗೆತ್ತಿಕೊಂಡ ಕ್ಷಣವೇ ಮಿನುಗುವುದು ನಿಲ್ಲಲಿ. ಕೆಂಪು, ಹಸಿರುಗಳ ವ್ಯತ್ಯಾಸ ಕಾಣದವರು ನಿಮ್ಮ ಹನ್ನೆರಡು ಮಂದಿಯಲ್ಲಿಯೂ ಇರಬಹುದು. ಅದು ಅವರಿಗೇ ಗೊತ್ತಿಲ್ಲದಿರುವ ಸಾಧ್ಯತೆಯೂ ಉಂಟು. ಹಾಗಾಗಿ ಬಣ್ಣದ ಜೊತೆಗೆ ತ್ರಿಕೋನ, ವೃತ್ತ ಮುಂತಾದ ಆಕಾರಗಳನ್ನೂ ಬಳಸಿ.

ಇನ್ನೊಂದನ್ನು ಒತ್ತಿ ಹೇಳಬೇಕು. 1979ರ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಕವಾಟವೊಂದು ತೆರೆದೇ ಉಳಿದಿತ್ತು, ಆದರೆ ಫಲಕದ ದೀಪ ಆರಿತ್ತು. ಕವಾಟ ಮುಚ್ಚಿದೆಯೇ ಎಂಬುದನ್ನಲ್ಲ, ಮುಚ್ಚುವ ಆದೇಶ ಹೋಗಿದೆ ಎಂಬುದನ್ನಷ್ಟೇ ಆ ದೀಪ ತಿಳಿಸುತ್ತಿತ್ತು. ನಿಮ್ಮ ಪರದೆಯ ಹಸಿರು ಚೌಕ ಹೇಳುವುದೇನು? ಸರ್ವರ್ ಚೆನ್ನಾಗಿದೆ ಎಂದೋ, ಅಥವಾ ಅದರ ಸುದ್ದಿಯೇ ಬಂದಿಲ್ಲ ಎಂದೋ? ತೋರುವುದನ್ನು ನಂಬಲಾಗದ ಪರದೆಯ ಮುಂದೆ ಕುಳಿತವರು ಪ್ರತಿಯೊಂದನ್ನೂ ಎರಡೆರಡು ಸಲ ಪರೀಕ್ಷಿಸುತ್ತಾ ಬೆಳಗು ಮಾಡುತ್ತಾರೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಪ್ಯಾನರ್‌ಗಳನ್ನು ನೇತುಹಾಕುವ ಹಲಗೆಯ ಮೇಲೆ ಪ್ರತಿಯೊಂದರ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದನ್ನು ಕಂಡಿದ್ದೇನೆ. ಪಾಳಿ ಬದಲಾಗುವಾಗ ಮೇಸ್ತ್ರಿ ಎಣಿಸುವುದಿಲ್ಲ, ಯಾರನ್ನೂ ಗದರುವುದಿಲ್ಲ. ಖಾಲಿ ಉಳಿದ ಕಪ್ಪು ಗುರುತೇ ಕಾಣೆಯಾದ ಸ್ಪ್ಯಾನರ್ ಯಾವುದೆಂದು ಹೇಳುತ್ತದೆ. ನಿಮ್ಮ ಗೋಡೆಯೂ ಹೀಗೆ ಒಂದೇ ನೋಟಕ್ಕೆ ಉತ್ತರ ಕೊಡುವಂತಾಗಬೇಕು.

ಆದರೆ ಸತತ ರಾತ್ರಿ ಪಾಳಿಯ ದಣಿವನ್ನು ಯಾವ ವಿನ್ಯಾಸವೂ ನೀಗಿಸದು; ಆ ಮಾತನ್ನು ಆಡಳಿತದ ಮುಂದೆ ಪ್ರತ್ಯೇಕವಾಗಿಯೇ ಇಡಿ.

ಬಣ್ಣದ ವಿಷಯಕ್ಕೆ ಬಂದರೆ, ಪರದೆಯ ಬೆಳಕು ಪ್ರತಿಫಲಿಸದಂತೆ ಹೊಳಪಿಲ್ಲದ ತಿಳಿ ಬೂದು ಅಥವಾ ಕೆನೆ ಬಣ್ಣ ಸಾಕು. ಮಾದರಿಯನ್ನು ಹಗಲಿನಲ್ಲಿ ನೋಡಿ ಒಪ್ಪಬೇಡಿ. ಗೋಡೆಯ ಒಂದು ತುಂಡಿಗೆ ಬಳಿಸಿ, ರಾತ್ರಿ ಎರಡು ಗಂಟೆಗೆ ಪರದೆಗಳೆಲ್ಲ ಉರಿಯುತ್ತಿರುವಾಗ, ಆ ಪಾಳಿಯವರಿಂದಲೇ ಆರಿಸಿಕೊಳ್ಳಿ.