‘ನಿಂಗೊತ್ತಾಗಲ್ಲ ಕಣಮ್ಮ’

ಆಕೆ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಬೆಳಗಿನ ಜಾವ 3 ಗಂಟೆಗೆ ಎಚ್ಚರ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುವುದು. ಊರು ಹಾಸನ, ಕೆಲಸ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜದ ಹೊಟ್ಟು ತೆಗೆದು ವಿಂಗಡಿಸುವ ಕಾರ್ಖಾನೆ) ಮ್ಯಾನೇಜರ್. ಸೇರಿ ಎಂಟು ತಿಂಗಳು. (ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.)

ಗೋದಾಮಿನ ಸೂಪರ್‌ವೈಸರ್ ವಿಷಯ ಎದ್ದದ್ದು ಎರಡನೇ ಸಲ ಕೂತಾಗ. 19 ವರ್ಷದ ಸರ್ವಿಸು. ಈಕೆ ಕೂತಿರುವ ಕುರ್ಚಿ ತನಗೇ ಸಿಗುತ್ತದೆ ಅಂತ ಕಾದಿದ್ದವರು. ಈಕೆ ಏನು ಕೇಳಿದರೂ ಹಮಾಲಿಗಳ ಎದುರೇ ಉತ್ತರ: “ಅದೆಲ್ಲ ನಿಂಗೊತ್ತಾಗಲ್ಲ ಕಣಮ್ಮ.” ಒಮ್ಮೆ, “ಆಲೂಗಡ್ಡೆ ಊರಿನವ್ರಿಗೆ ಕಾಫಿ ಏನು ಗೊತ್ತು?” ಸಕಲೇಶಪುರ ಯಾವ ಜಿಲ್ಲೆಯಲ್ಲಿದೆ ಅಂತ ಆತನಿಗೆ ಗೊತ್ತಿಲ್ಲದೇ ಏನಲ್ಲ.

ಬಯ್ಗುಳದ ಹಿಂದೆ ಕೆಲಸ ಕುಸಿಯುತ್ತಿತ್ತು. ಎಸ್ಟೇಟಿನಿಂದ ಬಂದ ಪಾರ್ಚ್‌ಮೆಂಟಿನ (ಹೊಟ್ಟು ಬಿಡಿಸದ ಒಣಗಿಸಿದ ಕಾಫಿ ಬೀಜ) ತೇವ ಅಳೆದು, ಶೇ. 10ರ ಆಸುಪಾಸಿನಲ್ಲಿದ್ದರೆ ಮಾತ್ರ ಮೂಟೆ ಒಳಗಿಡಬೇಕು. ಆತ ಮೀಟರ್ ಮುಟ್ಟುತ್ತಿರಲಿಲ್ಲ. ಒಂದು ಬೀಜ ಹಲ್ಲಿನಲ್ಲಿ ಕಚ್ಚಿ “ಒಣಗಿದೆ, ಇಳಿಸ್ರೋ” ಅನ್ನುತ್ತಿದ್ದರು. ರಿಜಿಸ್ಟರಿನ ತೇವದ ಕಾಲಂ ಖಾಲಿ. ಆ ಕಾಲಂ ತುಂಬುತ್ತಿದ್ದದ್ದು ಯಾರು? ಈಕೆಯೇ. ಸಂಜೆ ಎಲ್ಲ ಹೋದ ಮೇಲೆ ಟಾರ್ಚ್ ಹಿಡಿದು ಮೂಟೆ ಮೂಟೆಗೂ ಸ್ಯಾಂಪಲ್ ತೆಗೆದು, ಬರೆದು, ಬೇಲೂರು ಮೇಲೆ ಹೋಗುವ ಕೊನೇ ಬಸ್ಸುಗಳಲ್ಲೊಂದು ಹತ್ತಿ ಮನೆಗೆ. ಇಷ್ಟಾದರೂ ಶೇ. 13 ತೇವದ ಒಂದು ಲಾಟು ಕಣ್ತಪ್ಪಿ ಒಳಗೆ ಹೋಗಿ, ಬೂಷ್ಟು ಹಿಡಿದು, ಪ್ಲಾಂಟರು ಬಂದು ಕೂಗಾಡಿದ್ದು ಈಕೆಯ ಮೇಲೆ.

ನನ್ನ ಮೊದಲ ಸಲಹೆ ಕೆಟ್ಟಿತು ಅಂತ ಇಲ್ಲೇ ಹೇಳಿಬಿಡುತ್ತೇನೆ. “ಟೀ ಕುಡಿಯೋಕೆ ಕರೆದು, ಅವರ ಮನಸ್ಸಲ್ಲೇನಿದೆ ಕೇಳಿ” ಅಂದಿದ್ದೆ. ಆತ ಬಂದರು, ನಿಂತೇ ಇದ್ದರು, “ಪಾಠ ಮಾಡೋಕೆ ಕರೆಸಿದ್ರಾ?” ಅಂತ ಕೇಳಿ ಹೊರಟರು. ಕುರ್ಚಿ ಕಳೆದುಕೊಂಡವರಿಗೆ ಅದೇ ಕುರ್ಚಿಯಿಂದ ಸಮಾಧಾನ ಹೇಳಿಸಿದ್ದು ನನ್ನ ದಡ್ಡತನ.

ಆಮೇಲೆ ಒಂದು ನೋಟ್‌ಬುಕ್ ಕೊಟ್ಟೆ. ಎಡಗಡೆ ಆತ ಆಡಿದ ಮಾತು, ಬಲಗಡೆ ಮಾಡದೆ ಬಿಟ್ಟ ಕೆಲಸ, ಎರಡು ವಾರ. ಎಡಗಡೆ ಮೂರು ಪುಟ ಬಂತು. ಬಲಗಡೆ ನಾಲ್ಕೇ ಸಾಲು, ಅದರಲ್ಲಿ ದಿನಾಂಕ, ಲಾಟ್ ನಂಬರ್ ಇದ್ದದ್ದು ಎರಡಕ್ಕೆ. “ಸದ್ಯಕ್ಕೆ ನಿಮ್ಮ ಕೈಯಲ್ಲಿರೋದು ಆ ಎರಡೇ ಸಾಲು” ಅಂದೆ. ಆಕೆಗೆ ಸಿಟ್ಟು ಬಂತು. ಬರಬೇಕಾದದ್ದೇ. ಆ ಮೂರು ಪುಟ ಸುಳ್ಳಲ್ಲವಲ್ಲ. ಆದರೆ ಎರಡನ್ನೂ ಒಟ್ಟಿಗೆ ಎತ್ತಿದರೆ ಆತ ಮಾತಿನ ಜಗಳಕ್ಕೇ ಎಳೆಯುತ್ತಾರೆ, ಕಾಲಂ ಖಾಲಿಯೇ ಉಳಿಯುತ್ತದೆ.

ನಾನು ಸೂಪರ್‌ವೈಸರ್ ಆಗಿ ಕೂತೆ, ಆಕೆ ಹೇಳಿ ಅಭ್ಯಾಸ ಮಾಡಿದರು. ಮೊದಲ ಸಲ “ಬೇಜಾರು ಮಾಡ್ಕೋಬೇಡಿ” ಅಂತ ಶುರು. ಎರಡನೇ ಸಲ ಅಳು. ನಾಲ್ಕನೇ ಸಲಕ್ಕೆ ಸರಿಹೋಯಿತು: “ಈ ಲಾಟಿನ ತೇವ 13 ಇತ್ತು. ಕಾಲಂ ಖಾಲಿ ಇದೆ. ನಾಳೆಯಿಂದ ಮೂಟೆ ಇಳಿಸೋ ಮುಂಚೆ ರೀಡಿಂಗ್ ನೀವೇ ಬರೀಬೇಕು.” ಅಷ್ಟೇ. ‘ಕಣಮ್ಮ’ ಬಂದರೆ ಉತ್ತರ ಬೇಡ, ಕೊನೇ ವಾಕ್ಯವನ್ನೇ ಇನ್ನೊಂದು ಸಲ ಹೇಳುವುದು. ಸಂಜೆ ಟಾರ್ಚ್ ಹಿಡಿಯುವುದು ಅವತ್ತಿಗೇ ಬಂದ್.

ಆತನಿಗೆ ಇದನ್ನು ಹೇಳುವ ಮೊದಲು ಸಾಹುಕಾರರ ಹತ್ತಿರ ಹೋಗಿ ಬರಲು ಹೇಳಿದ್ದೆ. ನಮ್ಮ ಕಡೆಯ ಇಂಥ ಸಂಸ್ಥೆಗಳಲ್ಲಿ ಹಳಬರು ನೇರ ಸಾಹುಕಾರರ ಮನೆ ಜಗಲಿಗೇ ಹೋಗಿ ಕೂರುತ್ತಾರೆ. ಮೆಮೊ ಕೊಟ್ಟ ಸಂಜೆಯೇ ಅದು ಅಲ್ಲಿ ರದ್ದಾದರೆ ಮ್ಯಾನೇಜರ್ ಗತಿ ಮುಗಿಯಿತು. “ನನ್ನ ಹತ್ರ ಬಂದ್ರೆ ನಿಮ್ಮ ಹತ್ರಾನೇ ವಾಪಸ್ ಕಳಿಸ್ತೀನಿ” ಅನ್ನುವ ಮಾತು ತೆಗೆದುಕೊಂಡು ಬಂದರು. ಸಾಹುಕಾರರು ಒಂದು ಹೆಜ್ಜೆ ಮುಂದೆ ಹೋಗಿ “ತೆಗೆದೇ ಹಾಕೋಣ್ವಾ?” ಅಂದರಂತೆ. ಬೇಡ ಅಂದೆ. ನೋಟಿಸ್, ವಿವರಣೆಗೆ ಅವಕಾಶ, ವಿಚಾರಣೆ ಯಾವುದೂ ಇಲ್ಲದೆ 19 ವರ್ಷದವರನ್ನು ಹೊರಹಾಕಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅದು ವಕೀಲರ ಕೆಲಸ, ನನ್ನದಲ್ಲ.

ಮುಂದಿನದು ಆಕೆಯದೇ ತಲೆ. ರಿಜಿಸ್ಟರಿನಲ್ಲಿ ಮೀಟರ್ ಕಾಲಂ ಪಕ್ಕ ಇನ್ನೊಂದು ಗೆರೆ ಎಳೆದು ‘ಹಲ್ಲಿನ ಅಂದಾಜು’ ಅಂತ ಬರೆದರು. ಆತ ಮೊದಲು ಕಚ್ಚಿ ತನ್ನ ಅಂಕಿ ಬರೆಯಬೇಕು, ಆಮೇಲೆ ಮೀಟರ್. ನನಗೆ ಇದು ಗೇಲಿಯಂತೆ ಕಂಡಿತ್ತು. ಆತನಿಗೆ ಹಾಗೆ ಕಾಣಲಿಲ್ಲ. ಬಹುಪಾಲು ಲಾಟಿನಲ್ಲಿ ವ್ಯತ್ಯಾಸ ಅರ್ಧ ಪರ್ಸೆಂಟೂ ಇರಲಿಲ್ಲ. ಹಾಗಾದರೆ ಆ 13ರ ಲಾಟು? ಅದನ್ನು ಕಚ್ಚಿಯೇ ನೋಡಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಹಮಾಲಿಗಳ ಎದುರಿನ ಮಾತಿಗೆ ಫೆಬ್ರವರಿಯಲ್ಲಿ ಬೇರೆಯೇ ಮೆಮೊ ಹೋಯಿತು, ಆಡಿದ ಮಾತನ್ನು ಇದ್ದಂತೆಯೇ ಬರೆದು. ಉತ್ತರ ಬರಲಿಲ್ಲ, ಆ ಮಾತು ಮತ್ತೆ ಎಲ್ಲರೆದುರು ಬರಲೂ ಇಲ್ಲ. ಕೋಣೆಯೊಳಗೆ ‘ಕಣಮ್ಮ’ ಇನ್ನೂ ಇದೆ.

ಏಪ್ರಿಲ್‌ನಲ್ಲಿ ಬಂದಾಗ ಆರರ ಬಸ್ಸಿಗೇ ಮನೆ ಸೇರುತ್ತಿದ್ದೇನೆ ಅಂದರು. ಎಚ್ಚರ ಮಾತ್ರ ವಾರಕ್ಕೆರಡು ಸಲ ಇನ್ನೂ ಆಗುತ್ತದೆ. “ನಮಸ್ಕಾರ ಅಂದ್ರೂ ಮುಖ ತಿರುಗಿಸ್ತಾರೆ ಸರ್, ಏನ್ ಮಾಡ್ಲಿ?”

“ರೀಡಿಂಗ್ ಬರೀತಾರಾ?”

“ಬರೀತಾರೆ.”

“ನಮಸ್ಕಾರ ಹೇಳೋದು ಬಿಡೋದು ನಿಮ್ಮಿಷ್ಟ” ಅಂದು ನಿದ್ದೆಯ ವಿಷಯಕ್ಕೆ ಬಂದೆ.