ಕಾಸ್ ಪಠಾರ: ಯಾವಾಗ ಹೋಗಬೇಕು, ಏನು ನೋಡಬೇಕು

ಪ್ರಶ್ನೆ: ಹೋದ ವರ್ಷ ಆಗಸ್ಟ್ 15ರ ರಜೆಗೆ ಮಹಾರಾಷ್ಟ್ರದ ಸಾತಾರಾ ಬಳಿಯ ಹೂವಿನ ಪ್ರಸ್ಥಭೂಮಿ, ಕಾಸ್ ಪಠಾರಕ್ಕೆ ಹೋದೆವು. ಕಂಡದ್ದು ಹುಲ್ಲು, ಮಂಜು ಅಷ್ಟೇ. ಹೂವು ಯಾವಾಗ ಅರಳುತ್ತವೆ? ಮೊಣಕಾಲು ನೋವಿರುವ ಅತ್ತೆಯವರನ್ನು ಕರೆದುಕೊಂಡು ಹೋಗಬಹುದೇ? ಒಂದೆರಡು ಗಿಡ ತಂದು ಕುಂಡದಲ್ಲಿ ಬೆಳೆಸಬಹುದೇ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ನೀವು ಎರಡು ಮೂರು ವಾರ ಮುಂಚೆ ಹೋಗಿದ್ದೀರಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಅಲ್ಲಿ ಹೂವಿನ ಕಾಲ. ಸೆಪ್ಟೆಂಬರ್ ನಡುಭಾಗದಲ್ಲಿ, ಮಳೆ ಹೊಳವಾಗಿ ಒಂದೆರಡು ದಿನ ಬಿಸಿಲು ಬಿದ್ದ ಮೇಲೆ ಹೊರಡಿ. ಗುಲಾಬಿ ಬಣ್ಣದ ತೇರಡಾ (ನಮ್ಮ ಗೌರಿ ಹೂವಿನ ಬಳಗದ್ದೇ) ಆಗ ತುಂಬಿರುತ್ತದೆ. ಹಳದಿ ಸೋನಕಿ ಬೇಕಿದ್ದರೆ ತಿಂಗಳ ಕೊನೆಗೆ ಹೋಗಿ.

ಪುಣೆಯಿಂದ ಸಾತಾರಾ ಸುಮಾರು 110 ಕಿ.ಮೀ., ಅಲ್ಲಿಂದ ಯವತೇಶ್ವರ ಘಾಟಿ ಹತ್ತಿ ಇನ್ನು 25. ಬೆಳಗಿನ ಐದಕ್ಕೇ ಬಿಡಿ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ. ಶನಿವಾರ, ಭಾನುವಾರ ಬೇಡವೇ ಬೇಡ. ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ರೇನ್‌ಕೋಟ್ ಇರಲಿ. ರಸ್ತೆ ಪಠಾರದ ನಡುವೆಯೇ ಹಾದುಹೋಗುತ್ತದೆ, ಹಾಗಾಗಿ ಅತ್ತೆಯವರು ರಸ್ತೆಯ ಅಂಚಿನಿಂದಲೇ ಸಾಕಷ್ಟು ನೋಡಬಹುದು. ಒದ್ದೆ ಜಂಬಿಟ್ಟಿಗೆ ಕಲ್ಲು ವಿಪರೀತ ಜಾರುತ್ತದೆ, ಅವರನ್ನು ಒಳಗೆ ನಡೆಸಬೇಡಿ.

ನೀವು ಮಾತ್ರ ಕಾಲುದಾರಿಯಲ್ಲಿ ಒಂದು ಕಡೆ ಕೂತು ಭೂತಗನ್ನಡಿ ಹಿಡಿದು ನೋಡಿ. ಹುಳ ಹಿಡಿದು ತಿನ್ನುವ ಪುಟ್ಟ ಗಿಡ ಡ್ರೋಸೆರಾದ ಎಳೆ ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಹನಿ ಇರುತ್ತದೆ. ಅದು ಅಂಟು, ಕೂತ ಸೊಳ್ಳೆ ಏಳುವುದಿಲ್ಲ. ಪಕ್ಕದ ಜೌಗಿನಲ್ಲಿ ನೀಲಿ-ನೇರಳೆಯ ಪುಟ್ಟ ಹೂವು, ಮರಾಠಿಗರು ಅದನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. ಇದರ ಬೇಟೆ ನಡೆಯುವುದು ಕೆಸರಿನೊಳಗೆ. ಸಾಸಿವೆಗಿಂತ ಚಿಕ್ಕ ಚೀಲಗಳು ನೀರಿನ ಸೂಕ್ಷ್ಮಜೀವಿಗಳನ್ನು ಒಳಗೆಳೆದುಕೊಳ್ಳುತ್ತವೆ. ಬಂಡೆಯ ಮೇಲಿನ ಮಣ್ಣು ತೀರಾ ತೆಳು, ಅದರಲ್ಲಿ ಸಾರಜನಕ ಸಾಲದು. ಅದಕ್ಕೇ ಈ ಗಿಡಗಳು ಹುಳ ಹಿಡಿಯುತ್ತವೆ. ಫೋಟೊಗೆಂದು ಹೂವಿನ ನಡುವೆ ಒಬ್ಬರು ಕೂತರೂ ಆ ತೆಳುಮಣ್ಣು ಗಟ್ಟಿಯಾಗುತ್ತದೆ, ಬೀಜ ಕಟ್ಟುವ ಮೊದಲೇ ಗಿಡ ಸಾಯುತ್ತದೆ. ಹೆಚ್ಚಿನವು ಒಂದೇ ಮಳೆಗಾಲ ಬದುಕುವಂಥವು. ಬೀಜ ಬೀಳದಿದ್ದರೆ ಮುಂದಿನ ವರ್ಷ ಆ ಜಾಗದಲ್ಲಿ ಹೂವಿಲ್ಲ.

ಗಿಡ ತರುವ ಯೋಚನೆ ದಯವಿಟ್ಟು ಬಿಡಿ. ಅದು ಮೀಸಲು ಅರಣ್ಯ, 2012ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಭಾಗ. ಅಲ್ಲಿ ಏನನ್ನೂ ಕೀಳುವಂತಿಲ್ಲ. ತಂದರೂ ಉಳಿಯುವುದಿಲ್ಲ: ಗೊಬ್ಬರದ ಮಣ್ಣು, ನಲ್ಲಿ ನೀರಿನ ಲವಣ ಎರಡೂ ಡ್ರೋಸೆರಾದ ಬೇರು ಸುಡುತ್ತವೆ. ಕುಂಡಕ್ಕೆ ನರ್ಸರಿಯ ಗೌರಿ ಹೂವಿನ ಬೀಜ ತನ್ನಿ. ಜೂನ್ ಮಳೆಗೆ ಬಿತ್ತಿದರೆ ಗಣೇಶ ಚೌತಿಯ ಹೊತ್ತಿಗೆ ಹೂ ಬಿಡುತ್ತದೆ.