ತೊಡೆ ಎಲುಬಿಗೆ ಹಾಕಿದ ರಾಡ್ ತೆಗೆಸಲೇಬೇಕಾ?

ತಮ್ಮನ ತೊಡೆ ಎಲುಬಿಗೆ ರಾಡ್ ಹಾಕಿದ್ದಾರೆ, ಅದು ಒಳಗೇ ಇರಬಹುದಾ ಅಂತ ಕೇಳಿದ್ದೀರಿ. ದೊಡ್ಡವರಲ್ಲಿ ತೊಂದರೆ ಕೊಡದಿದ್ದರೆ ಇರಬಹುದು.

ಉದ್ದ ಎಲುಬಿನ ನಡುವೆ ಮಜ್ಜೆ ತುಂಬಿದ ಪೊಳ್ಳಿರುತ್ತದೆ, ರಾಡ್ ಕೂರುವುದು ಅದರೊಳಗೆ. ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರೇಲರಿಗೆ ಬೈಕ್ ಬಡಿದು ನಮ್ಮ ಕಾಕಾನ ಮಗನ ತೊಡೆ ಮುರಿದಾಗ, ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೆ: ಸೊಂಟದ ಕೆಳಗಿನಿಂದ ಮೊಣಕಾಲಿನ ಹತ್ತಿರದವರೆಗೆ ಬೆಳ್ಳನೆ ಗೆರೆ, ಎರಡೂ ತುದಿಗೆ ಅಡ್ಡ ಸ್ಕ್ರೂ. ಮುರಿದ ತುಂಡು ತಿರುಗದಂತೆ, ಕಾಲು ಗಿಡ್ಡವಾಗದಂತೆ ಹಿಡಿಯುವುದು ಆ ಸ್ಕ್ರೂಗಳೇ. ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ 1939ರಲ್ಲಿ ಇಂಥ ರಾಡ್ ಹಾಕಲು ಶುರು ಮಾಡಿದರು. ಸ್ಕ್ರೂ ಬಂದದ್ದು ಆಮೇಲೆ.

ಎಲುಬನ್ನು ಕೂಡಿಸುವ ಕೆಲಸ ಮಾತ್ರ ದೇಹದ್ದೇ. ಅದು ಕೂಡದೇ ಹೋದರೆ ಓಡಾಟದ ಭಾರಕ್ಕೆ ದಿನಗಳೆದಂತೆ ರಾಡೂ ಮುರಿಯಬಹುದು. ತಮ್ಮ ಬೀಡಿ, ಸಿಗರೇಟು ಸೇದುತ್ತಿದ್ದರೆ ದಯವಿಟ್ಟು ಬಿಡಿಸಿ, ಎಲುಬು ಕೂಡುವುದನ್ನು ಅದು ತಡ ಮಾಡುತ್ತದೆ.

ಸ್ಕ್ರೂ ಚುಚ್ಚುತ್ತಿದ್ದರೆ, ನೋವಿದ್ದರೆ ತೆಗೆಸಬಹುದು. ಅದೂ ಎಕ್ಸ್‌ರೇಯಲ್ಲಿ ಪೂರ್ತಿ ಕೂಡಿದ್ದು ಕಂಡ ಮೇಲೆ, ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷಕ್ಕೆ. ಕೀವು ಬಂದರೆ ಒಂದು ದಿನವೂ ಕಾಯಬೇಡಿ, ತೋರಿಸಿ. ಬೆಳೆಯುವ ಮಕ್ಕಳ ಲೆಕ್ಕ ಬೇರೆ: ಅವರಿಗೆ ಬಾಗುವ ಸಣ್ಣ ರಾಡ್ ಹಾಕಿ, ಎಲುಬು ಕೂಡಿದ ಮೇಲೆ ಹೆಚ್ಚಾಗಿ ತೆಗೆಯುತ್ತಾರೆ.